ಟಿವಿ ಟ್ಯೂನರ್ ಕಾರ್ಡ್ ಹುಡುಕ್ಕೊಂಡು ಎಸ್.ಪಿ. ರೋಡಿಗೆ ಹೋಗಿದ್ದು

2008ರ ಮಾತಿದು. ಆಗ ನಮ್ಮನೇಲಿ ಪೆಂಟಿಯಂ 4 ಕಂಪ್ಯೂಟರ್ ಇತ್ತು, ದಪ್ಪ ಸಿಆರ್‌ಟಿ ಮಾನಿಟರ್, ಹಾಲಲ್ಲಿ ಬೇರೆ ಟಿವಿನೂ ಇತ್ತು. ಹಾಗಾಗಿ ಟ್ಯೂನರ್ ಕಾರ್ಡ್ ಹಾಕಿ ಕಂಪ್ಯೂಟರಲ್ಲಿ ಚಾನೆಲ್ ನೋಡ್ಬೇಕು ಅನ್ನೋ ಆಸೆ ನನಗೆ ಅಷ್ಟೇನೂ ಇರ್ಲಿಲ್ಲ. ಬೇಕಾಗಿದ್ದು ಅಕ್ಕನ ಮದುವೆ ಕ್ಯಾಸೆಟ್ ಉಳಿಸ್ಕೊಳ್ಳೋದು. 1994ರಲ್ಲಿ ಸಾಗರದಲ್ಲಿ ಆದ ಮದುವೆ, ವಿಎಚ್‌ಎಸ್ ಟೇಪು, ಅದರಲ್ಲಿ ನಮ್ಮಜ್ಜ ಇದಾರೆ. ಅಜ್ಜನ ಫೋಟೋ ಮನೆ ತುಂಬ ಇವೆ, ಆದ್ರೆ ಅವರು ಮಾತಾಡೋದು ಕೇಳ್ಬೇಕು ಅಂದ್ರೆ ಅದೊಂದೇ ಟೇಪು. ಊಟದ ಪಂಕ್ತಿ ಮಧ್ಯೆ ಹೆಗಲ ಮೇಲೆ ಟವೆಲ್ ಹಾಕ್ಕೊಂಡು "ನಿಧಾನ ಆಗ್ಲಿ, ಹೋಳಿಗೆ ಇನ್ನೊಂದ್ ಸಲ ಬರ್ತದೆ" ಅಂತ ಎಲ್ರಿಗೂ ಹೇಳ್ತಾ ಹೋಗ್ತಾರೆ. ಆ ವರ್ಷ ಊರಿಗೆ ಹೋದಾಗ ನೋಡಿದ್ರೆ ಕ್ಯಾಸೆಟ್ಟಿನ ಕಿಟಕಿ ಒಳಗೆ ಸುರುಳಿ ಅಂಚಿಗೆ ಬೆಳ್ಳಗೆ ಬೂಷ್ಟು. ಮಲೆನಾಡಿನ ಮಳೆಗಾಲ ಟೇಪುಗಳನ್ನ ಬಿಡೋದೇ ಇಲ್ಲ. ಇನ್ನೊಂದೆರಡು ಮಳೆಗಾಲ ಬಿಟ್ರೆ ಅಜ್ಜನ ದನಿ ಹೋಯ್ತು ಅಂತ ಅನ್ನಿಸಿಬಿಡ್ತು.

ಸ್ಟುಡಿಯೋಗೆ ಕೊಟ್ರೆ ಡಿವಿಡಿ ಮಾಡ್ಕೊಡ್ತಿದ್ರು ನಿಜ, ಆದ್ರೆ ಆ ಟೇಪನ್ನ ಯಾರ ಕೈಗೂ ಕೊಟ್ಟು ಬರೋಕೆ ಮನಸ್ಸಾಗ್ಲಿಲ್ಲ, ಮನೇಲೇ ಮಾಡೋದು ಅಂತ ತೀರ್ಮಾನ ಮಾಡ್ದೆ. ಅದಕ್ಕೆ ಟ್ಯೂನರ್ ಕಾರ್ಡೇ ಸಾಕು, ಯಾಕಂದ್ರೆ ಕೇಬಲ್ ಜಾಕ್ ಪಕ್ಕದಲ್ಲೇ ವಿಡಿಯೋ ಇನ್ ಅಂತ ಒಂದಿರತ್ತೆ, ಟೇಪ್ ಓಡಿಸೋ ವಿಸಿಆರ್‌ನ ಹಳದಿ ಪಿನ್ನು ಅಲ್ಲಿಗೆ.

ಶನಿವಾರ ಬೆಳಿಗ್ಗೆ ಬೆಂಗಳೂರಿನ ಎಸ್.ಪಿ. ರೋಡ್, ಕಂಪ್ಯೂಟರ್ ಸಾಮಾನಿನ ಅಂಗಡಿಗಳ ಬೀದಿ. ಗೊತ್ತಿರೋರಿಗೆ ಗೊತ್ತು, ಆ ರೋಡಲ್ಲಿ ನಡೆಯೋಕೇ ಜಾಗ ಇರಲ್ಲ, ಒಂದೊಂದು ಮಳಿಗೇನೂ ಬಾಗಿಲಗಲ. ಮೊದಲನೇ ಅಂಗಡಿಯವರು ಒಂದು ಚಿಕ್ಕ ಡಬ್ಬ ತೆಗೆದು ಮುಂದಿಟ್ರು.

"ಸಾರ್ ಇದು ತಗೊಳಿ, ಸಿಪಿಯು ಆನ್ ಮಾಡೋದೇ ಬೇಡ, ಮಾನಿಟರ್ರೇ ಟಿವಿ ಆಗ್ಬಿಡತ್ತೆ."

"ರೆಕಾರ್ಡ್ ಆಗತ್ತಾ ಅಣ್ಣ?"

"ರೆಕಾರ್ಡಿಂಗ್ ಆಗಲ್ಲ ಸಾರ್, ಅದಕ್ಕೆ ಒಳಗೆ ಹಾಕೋ ಕಾರ್ಡೇ ಬೇಕು."

ನೇರವಾಗಿ ಹೇಳಿದ್ರು, ಅದು ನನಗೆ ತುಂಬ ಹಿಡಿಸ್ತು. ಆ ಡಬ್ಬ ಮಾನಿಟರ್‌ಗೂ ಕಂಪ್ಯೂಟರ್‌ಗೂ ಮಧ್ಯೆ ಕೂತ್ಕೊಳ್ಳತ್ತೆ, ಚಿತ್ರ ಸೀದಾ ಮಾನಿಟರ್‌ಗೆ ಹೋಗತ್ತೆ, ಕಂಪ್ಯೂಟರ್ ಒಳಗೆ ಬರೋದೇ ಇಲ್ಲ. ಬರೀ ಟಿವಿ ನೋಡೋರಿಗೆ, ಹಾಸ್ಟೆಲ್ ಹುಡುಗರಿಗೆ, ಅದಕ್ಕಿಂತ ಒಳ್ಳೇದು ಬೇರೆ ಇರ್ಲಿಲ್ಲ. ಯುಎಸ್‌ಬಿ ಕಡ್ಡಿಗಳೂ ಇದ್ವು, ಲ್ಯಾಪ್‌ಟಾಪ್ ಇರೋರಿಗೆ ಸರಿ. ನನಗೆ ಕಂಪ್ಯೂಟರ್ ಒಳಗೆ ಮದರ್‌ಬೋರ್ಡಿಗೆ ಹಾಕೋ ಪಿಸಿಐ ಕಾರ್ಡೇ ಬೇಕಿತ್ತು.

ಈಗ ಅಸಲಿ ವಿಷಯ. ಪಿನ್ಯಾಕಲ್, ಲೀಡ್‌ಟೆಕ್, ಪಿಕ್ಸೆಲ್‌ವ್ಯೂ ಅಂತ ಹೆಸರು ಬೇರೆ ಬೇರೆ ಇದ್ರೂ, ಡಬ್ಬದ ಮೇಲೆ ಎಷ್ಟೇ ಬಣ್ಣದ ಚಿತ್ರ ಇದ್ರೂ, ಒಳಗಿರೋ ಚಿಪ್ಪು ಮಾತ್ರ ನಾಲ್ಕೈದೇ ಥರ. ಕೋನೆಕ್ಸಂಟ್ 878ಎ ಅಂತ ಒಂದು ಹಳೇದು, ಫಿಲಿಪ್ಸ್ ಎಸ್‌ಎಎ 7130 ಅಂತ ಅಗ್ಗದ್ದು, ಅದರಣ್ಣ 7134. ಅಂಗಡೀಲಿ ರಿಮೋಟ್ ಚೆನ್ನಾಗಿದೆಯಾ, ಎಫ್‌ಎಂ ಬರತ್ತಾ ಅಂತ ಕೇಳ್ತಾ ನಿಂತಿದ್ರು ಜನ. ಕೇಳ್ಬೇಕಾಗಿದ್ದು ಚಿಪ್ಪಿನ ನಂಬರ್. 7130ಗೆ ಚಿತ್ರ ಮಾತ್ರ ಕಂಪ್ಯೂಟರ್ ಒಳಗೆ ಕಳಿಸೋಕೆ ಬರತ್ತೆ, ಸೌಂಡನ್ನ ಒಂದು ಸಣ್ಣ ವೈರಲ್ಲಿ ಸೌಂಡ್ ಕಾರ್ಡಿನ ಲೈನ್ ಇನ್‌ಗೆ ಕೊಡ್ಬೇಕು. ನೋಡೋಕೆ ಏನೂ ತೊಂದ್ರೆ ಇಲ್ಲ. ರೆಕಾರ್ಡ್ ಮಾಡಿದಾಗ ಗೊತ್ತಾಗೋದು, ಯಾಕಂದ್ರೆ ಚಿತ್ರಕ್ಕೆ ಒಂದು ಗಡಿಯಾರ, ಸೌಂಡ್ ಕಾರ್ಡಿಗೆ ಇನ್ನೊಂದು ಗಡಿಯಾರ, ಎರಡೂ ಕೂದಲೆಳೆಯಷ್ಟು ಹಿಂದೆ ಮುಂದೆ ಓಡ್ತವೆ, ಹತ್ತು ನಿಮಿಷದಲ್ಲಿ ಕಾಣಲ್ಲ, ಗಂಟೆ ಕಳೆದ್ರೆ ತುಟಿ ಒಂದ್ಕಡೆ ಮಾತು ಒಂದ್ಕಡೆ. ನನ್ನ ಆಫೀಸಿನ ಗೆಳೆಯರೊಬ್ಬರು ಅಂಥಾ ಕಾರ್ಡಲ್ಲೇ ಅವರ ಮದುವೆ ಟೇಪ್ ಹಾಕ್ಕೊಂಡಿದ್ರು, ತಾಳಿ ಕಟ್ಟಿ ಕೈ ತೆಗೆದ ಮೇಲೆ ಗಟ್ಟಿಮೇಳ ಕೇಳಿಸ್ತಿತ್ತು. ಅದನ್ನ ನೋಡಿ ನನಗೆ ತುಂಬಾ ಬೇಜಾರಾಗಿತ್ತು. ನಮ್ಮಜ್ಜನಿಗೆ ಹಾಗಾಗ್ಬಾರ್ದು. 7134 ಆದ್ರೆ ಸೌಂಡನ್ನೂ ತಾನೇ ಒಳಗೆ ಕಳಿಸತ್ತೆ, ನನಗೆ ಅದೇ ಬೇಕಿತ್ತು.

ಹಾಗಾಗಿ ಅಂಗಡಿ ಅಂಗಡಿ ಸುತ್ತಿ "ಅಣ್ಣ, ಒಂದ್ಸಲ ಕವರಿಂದ ತೆಗೆದು ತೋರಿಸ್ತೀರಾ" ಅಂತ ಕೇಳಿ ಕಾರ್ಡನ್ನ ಬೆಳಕಿಗೆ ಹಿಡಿದು ನೋಡ್ದೆ. ಒಂದು ಕಡೆ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ಉದ್ದದ ತಗಡಿನ ಪೆಟ್ಟಿಗೆ, ಅದೇ ಟ್ಯೂನರ್ರು, ಕೇಬಲ್ ಜಾಕ್ ಅದಕ್ಕೇ ಅಂಟ್ಕೊಂಡಿರತ್ತೆ. ಮಧ್ಯದಲ್ಲಿ ಚೌಕದ ಕಪ್ಪು ಚಿಪ್ಪು, ಅದರ ಮೇಲೆ ಸಣ್ಣ ಅಕ್ಷರ. ಎಷ್ಟೋ ಕಡೆ 7130ನೇ ಇತ್ತು. ಕೊನೆಗೆ ಮಹಡಿ ಮೇಲಿನ ಒಂದು ಅಂಗಡೀಲಿ 7134 ಸಿಕ್ತು, ಎರಡು ಸಾವಿರದ ಒಳಗೇ ಕೊಟ್ರು.

ಮನೇಲಿ ಹಾಕೋದು ಸುಲಭ, ಸ್ಕ್ರೂ ಬಿಚ್ಚಿ ಪಿಸಿಐ ಸ್ಲಾಟಿಗೆ ಒತ್ತಿದ್ರೆ ಆಯ್ತು. ಕೇಬಲ್ ಕೊಟ್ಟು ಚಾನೆಲ್ ಹುಡುಕುವಾಗ ಎರಡು ಸೆಟ್ಟಿಂಗ್ ಸರಿ ಇರ್ಬೇಕು. ಆಂಟೆನಾ ಬದಲು ಕೇಬಲ್ ಅಂತ ಕೊಡ್ಬೇಕು, ಇಲ್ದಿದ್ರೆ ಅರ್ಧಕ್ಕರ್ಧ ಚಾನೆಲ್ ಸಿಗೋದೇ ಇಲ್ಲ. ದೇಶ ಇಂಡಿಯಾ ಅಂತಲೇ ಇರ್ಬೇಕು. ಆಗ ನಮ್ಮ ಟಿವಿ ಸಿಗ್ನಲ್ ಪಾಲ್ ಬಿ/ಜಿ ಅನ್ನೋ ಪದ್ಧತೀದು, ಸೌಂಡು ಚಿತ್ರದಿಂದ 5.5 ಮೆಗಾಹರ್ಟ್ಸ್ ದೂರದಲ್ಲಿರ್ತಿತ್ತು, ಬ್ರಿಟನ್ನಿನವರದ್ದು 6. ಅಲ್ಲಿಯ ಸೆಟ್ಟಿಂಗ್ ಇಟ್ರೆ ಚಿತ್ರ ಬರತ್ತೆ, ಸೌಂಡ್ ಬರಲ್ಲ. ಚಂದನ, ಉದಯ, ಈಟಿವಿ ಎಲ್ಲ ಬಂತು, ಅಮ್ಮ ಖುಷಿಯಾಗಿ ನೋಡಿದ್ರು.

ಟೇಪನ್ನ ಮಾತ್ರ ಹಾಗೇ ವಿಸಿಆರ್‌ಗೆ ಹಾಕ್ಲಿಲ್ಲ. ಬೂಷ್ಟು ಟೇಪ್ ಓದೋ ಹೆಡ್ಡಿಗೆ ಅಂಟಿದ್ರೆ ವಿಸಿಆರೂ ಹೋಗತ್ತೆ, ಮುಂದೆ ಹಾಕೋ ಟೇಪುಗಳೂ ಕೆಡ್ತವೆ. ರಿಪೇರಿ ಮಾಡೋ ಹಿರಿಯರೊಬ್ಬರ ಹತ್ರ ಹೋಗಿ ಪಕ್ಕದಲ್ಲೇ ಕೂತೆ, ಅವರು ಕ್ಯಾಸೆಟ್ ಬಿಚ್ಚಿ, ಅಂಚನ್ನ ಮೆತ್ತಗೆ ಒರೆಸಿ, ಸುರುಳಿ ಎರಡನ್ನೂ ಬೇರೆ ಕ್ಯಾಸೆಟ್ಟಿನ ಹೊರಕವಚಕ್ಕೆ ಹಾಕಿ ಕೊಟ್ರು. ಎಷ್ಟು ತಾಳ್ಮೆ ಅವರದ್ದು!

ಜಾಗದ ಲೆಕ್ಕಾನೂ ಮುಖ್ಯ. 720ಕ್ಕೆ 576 ಚುಕ್ಕಿಯ ಚಿತ್ರ, ಸೆಕೆಂಡಿಗೆ 25, ಏನೂ ಕುಗ್ಗಿಸದೆ ಹಿಡಿದ್ರೆ ಗಂಟೆಗೆ ಎಪ್ಪತ್ತು ಜಿಬಿ ಮೇಲೆ ಬೇಕು, ನನ್ನ ಹಾರ್ಡ್ ಡಿಸ್ಕೇ 80 ಜಿಬಿ. ಎಂಪೆಗ್ 2 ಅನ್ನೋ ಕುಗ್ಗಿಸೋ ವಿಧಾನದಲ್ಲಿ ಸೆಕೆಂಡಿಗೆ 6 ಮೆಗಾಬಿಟ್ ಇಟ್ಟೆ, ಗಂಟೆಗೆ ಮೂರು ಜಿಬಿ ಒಳಗೇ ಬಂತು. ಡ್ರೈವನ್ನ ಎನ್‌ಟಿಎಫ್‌ಎಸ್ ಅನ್ನೋ ಫಾರ್ಮ್ಯಾಟಿಗೆ ಮಾಡ್ಕೊಂಡಿದ್ದೆ, ಹಳೇ ಫ್ಯಾಟ್ 32 ಫಾರ್ಮ್ಯಾಟ್ ಆದ್ರೆ 4 ಜಿಬಿಗೆ ಫೈಲ್ ನಿಂತುಹೋಗತ್ತೆ. ರಾತ್ರಿ ಬೇರೆ ಎಲ್ಲ ಪ್ರೋಗ್ರಾಂ ಮುಚ್ಚಿ, ಪ್ಲೇ ಒತ್ತಿ ಸುಮ್ನೆ ಕೂತೆ. ಪಂಕ್ತಿ ದೃಶ್ಯ ಬರೋದು ಟೇಪಿನ ಕೊನೇ ಭಾಗದಲ್ಲಿ. ಮುಗಿದ ಮೇಲೆ ಮೊದಲು ನೋಡಿದ್ದೇ ಅದನ್ನ. ಹೋಳಿಗೆ ಅನ್ನೋವಾಗ ತುಟಿ, ದನಿ ಎರಡೂ ಒಟ್ಟಿಗೇ ಇದ್ವು. ಅಮ್ಮನ್ನ ಎಬ್ಬಿಸಿ ತೋರಿಸ್ದೆ, ಇನ್ನೊಂದ್ಸಲ ಹಾಕು, ಇನ್ನೊಂದ್ಸಲ ಹಾಕು ಅಂತ ಕೂತ್ರು.

2013ರಲ್ಲಿ ಬೆಂಗಳೂರಿನ ಕೇಬಲ್ ಎಲ್ಲ ಡಿಜಿಟಲ್ ಆಯ್ತು, ಸೆಟ್ ಟಾಪ್ ಬಾಕ್ಸ್ ಬಂತು, ಕಾರ್ಡಿನ ಟ್ಯೂನರ್‌ಗೆ ಕೆಲಸ ಇಲ್ದಂಗಾಯ್ತು. ಹಳದಿ ಪಿನ್ನಿನ ಜಾಕ್‌ಗೆ ಮಾತ್ರ ಇನ್ನೂ ಕೆಲಸ ಇದೆ. ಹೊಸ ಮದರ್‌ಬೋರ್ಡುಗಳಲ್ಲಿ ಪಿಸಿಐ ಸ್ಲಾಟೇ ಇರಲ್ಲ ಅಂತ ಹಳೇ ಮಷೀನನ್ನ ಹಾಗೇ ಇಟ್ಕೊಂಡಿದೀನಿ, ನೆಂಟರು ಟೇಪ್ ಕಳಿಸ್ತಾರೆ, ಮಾಡ್ಕೊಡ್ತೀನಿ. ಈಗ ಚಿಕ್ಕಪ್ಪನ ಮನೆ ಗೃಹಪ್ರವೇಶದ ಟೇಪ್ ಬಂದಿದೆ, ಅದಕ್ಕೂ ಬೂಷ್ಟು ಹಿಡಿದಿದೆ, ಮೊದಲು ಒರೆಸ್ಬೇಕು.