ಧರ್ಮಾದಾ ಖಾತೆ

ಬೈಕುಳಾದ ರಾಣಿಬಾಗ್ ಗೇಟಿನ ಮುಂದೆ ಟ್ಯಾಕ್ಸಿಯಿಂದ ಇಳಿದಾಗ ಬೆಳಗ್ಗೆ ಹತ್ತೂವರೆ. ಗೇಟು ಮುಚ್ಚಿತ್ತು. ವಾಚ್‌ಮನ್ ನಮ್ಮನ್ನು ನೋಡಿ ಕೈ ಅಲ್ಲಾಡಿಸಿದ. "ಬುಧವಾರ್ ಬಂದ್" ಅಂತ ಅಷ್ಟೇ ಹೇಳಿ ಮತ್ತೆ ಪೇಪರಿನಲ್ಲಿ ಮುಳುಗಿದ.

ಮಾಮಾ ಜೋರಾಗಿ ನಕ್ಕರು. "ನಲವತ್ತು ವರ್ಷ ಈ ಊರಾಗ ಇದ್ದೀನಿ. ಇದು ಬುಧವಾರ ಬಂದ್ ಇರ್ತದ ಅಂತ ಇವತ್ತ ಗೊತ್ತಾತು ನೋಡು."

ತಪ್ಪು ನನ್ನದೇ. ಮುಂಬೈಗೆ ಬಂದಿದ್ದು ಮೂರು ದಿನಕ್ಕೆ. ಈ ರಾಣಿಬಾಗ್ ತೋಟದೊಳಗಿನ ಭಾವು ದಾಜಿ ಲಾಡ್ ಮ್ಯೂಸಿಯಂ ನೋಡಲೇಬೇಕು ಅಂತ ಹಟ ಮಾಡಿ, ಮೊಣಕಾಲು ನೋವಿನ ಮಾಮಾರನ್ನು ಹೊರಡಿಸಿಕೊಂಡು ಬಂದವನು ನಾನು. ರಜೆ ಯಾವತ್ತು ಅಂತ ಫೋನಿನಲ್ಲಿ ನೋಡಿಕೊಳ್ಳಲು ಒಂದು ನಿಮಿಷ ಸಾಕಿತ್ತು.

ಮಾಮಾ ಈ ಊರಿನಲ್ಲಿ ಇಷ್ಟು ವರ್ಷ ಇದ್ದೂ ಒಂದೇ ಒಂದು ಮ್ಯೂಸಿಯಂ ನೋಡಿರಲಿಲ್ಲ. ಮೂಳಜಿ ಜೇಠಾ ಮಾರ್ಕೆಟ್ಟಿನ ಒಂದು ಬಟ್ಟೆ ಪೇಢಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಬೆಳಗ್ಗೆ ಲೋಕಲ್ ಹಿಡಿದರೆ ರಾತ್ರಿಯೇ ಮನೆ. ರವಿವಾರ ಮಲಗಲಿಕ್ಕೆ. ನಿವೃತ್ತಿಯಾದ ಮೇಲೂ ಜೇಬಿನಲ್ಲಿ ಒಂದು ಸಣ್ಣ ಡೈರಿ ಇರುತ್ತದೆ. ಚಹಾ ಕುಡಿದರೂ ಅದರಲ್ಲಿ ಬರೆಯುತ್ತಾರೆ.

"ಇರಲಿ, ಇಲ್ಲಿಗೆ ನಾಳೆ ಬರೋಣ. ಇವತ್ತು ಕಾಲಾ ಘೋಡಾ ಕಡೆ ಹೋಗೋಣ" ಅಂದೆ. ಇನ್ನೊಂದು ಟ್ಯಾಕ್ಸಿ ಹಿಡಿದೆವು.

ದಾರಿಯಲ್ಲಿ ಜೆಜೆ ಆಸ್ಪತ್ರೆ ಬಂತು. ಅಲ್ಲಿಂದ ಫ್ಲೈಓವರ್ ಹತ್ತಿದರೆ ಮೊಹಮದ್ ಅಲಿ ರಸ್ತೆಯ ಸದ್ದುಗದ್ದಲ ಎಲ್ಲ ಕೆಳಗೇ ಉಳಿಯುತ್ತದೆ. ಇಳಿದಾಗ ಪಕ್ಕದಲ್ಲೇ ಜೆಜೆ ಸ್ಕೂಲ್ ಆಫ್ ಆರ್ಟ್. ಸೇತುವೆಯ ಆ ತುದಿಗೂ ಈ ತುದಿಗೂ ಒಬ್ಬನದೇ ಹೆಸರು. ಜಮ್ಶೇಟ್‌ಜಿ ಜೀಜೀಭಾಯ್. 1783ರಲ್ಲಿ ಹುಟ್ಟಿದ ಬಡವರ ಮನೆಯ ಪಾರ್ಸಿ ಹುಡುಗ. ಚಿಕ್ಕಂದಿನಲ್ಲೇ ತಂದೆ ತಾಯಿ ಹೋದರು. ಹಳೇ ಬಾಟಲಿ ಮಾರುವ ಮಾವನ ವ್ಯಾಪಾರಕ್ಕೆ ಸೇರಿಕೊಂಡ. ಹಾಗಾಗಿ ಬಾಟಲಿವಾಲಾ ಅಂತಲೂ ಕರೆಯುತ್ತಿದ್ದರು. ಆಮೇಲೆ ಹಡಗು ಹತ್ತಿ ಚೀನಾಕ್ಕೆ ಹೋದ. ಒಂದು ಸಲವಲ್ಲ, ಹಲವು ಸಲ. ಹತ್ತಿ ಮತ್ತು ಅಫೀಮು ಮಾರಿ ಕೋಟ್ಯಧೀಶನಾದ. ಆಸ್ಪತ್ರೆಗೆ ಕೊಟ್ಟ, ಕಲಾಶಾಲೆಗೆ ಕೊಟ್ಟ. ಮಾಹೀಮ್‌ನಿಂದ ಬಾಂದ್ರಾಕ್ಕೆ ರಸ್ತೆ ಕಟ್ಟಲು ಅವನ ಹೆಂಡತಿ ಅವಾಬಾಯಿ ದುಡ್ಡು ಕೊಟ್ಟಳು. ಅದು 1845ರ ಮಾತು.

ಇಷ್ಟನ್ನು ನಾನು ಉತ್ಸಾಹದಿಂದ ಹೇಳುತ್ತಿದ್ದೆ. ಮಾಮಾ ಕಿಟಕಿ ಕಡೆ ಮುಖ ಮಾಡಿಕೊಂಡೇ ಕೇಳಿದರು. ಆಮೇಲೆ ಅಂದರು, "ಹಂಗಾರ ಚೀನಾದವರಿಗೆ ನಶೆ, ಮುಂಬೈದವರಿಗೆ ದವಾಖಾನಿ."

ನನಗೆ ಮಾತು ಹೊರಡಲಿಲ್ಲ.

"ಇದರಾಗ ಹೊಸಾದೇನಿಲ್ಲ ತಮ್ಮಾ" ಅಂತ ಅವರೇ ಮುಂದುವರಿಸಿದರು. "ನಮ್ಮ ಪೇಢಿ ಬಿಲ್ಲಿನ ಕೆಳಗ ಒಂದು ಸಾಲು ಇರ್ತಿತ್ತು. ಧರ್ಮಾದಾ ಅಂತ. ಬಟ್ಟಿ ರೊಕ್ಕದ ಮ್ಯಾಲ ಒಂದಿಷ್ಟು ಪೈಸಾ. ಅದನ್ನ ಗಿರಾಕಿನೇ ಕೊಡಬೇಕು. ನಾವು ಬ್ಯಾರೇ ಖಾತೆ ಬರೀತಿದ್ವಿ. ವರ್ಷದ ಕೊನಿಗೆ ಸೇಠ ಆ ರೊಕ್ಕ ತಗೊಂಡು ಗೋಶಾಲಾಕ್ಕೋ ಧರ್ಮಶಾಲಾಕ್ಕೋ ಕೊಡ್ತಿದ್ರು. ಕಲ್ಲಿನ ಮ್ಯಾಲ ಹೆಸರು ಯಾರದು? ಸೇಠಂದು. ಕೊಟ್ಟವ ಯಾರು? ಗಿರಾಕಿ."

ನಮ್ಮ ಕಡೆಯ ವ್ಯಾಪಾರಿಗಳೂ ಧರ್ಮಾದಾ ಹಿಡಿಯುತ್ತಾರೆ ಅಂತ ಕೇಳಿದ್ದೆ. ಈ ಕೋನದಿಂದ ಎಂದೂ ಯೋಚಿಸಿರಲಿಲ್ಲ.

ಕಾಲಾ ಘೋಡಾದಲ್ಲಿ ಇಳಿದೆವು. ಡೇವಿಡ್ ಸಸೂನ್ ಲೈಬ್ರರಿಯ ಹಳದಿ ಕಲ್ಲಿನ ಕಟ್ಟಡ ಒಂದು ಕಡೆ. ಬಾಗ್ದಾದಿನಿಂದ ತಪ್ಪಿಸಿಕೊಂಡು 1832ರಲ್ಲಿ ಮುಂಬೈಗೆ ಬಂದ ಯಹೂದಿ ವ್ಯಾಪಾರಿ ಸಸೂನ್. ಅವರದೂ ಹತ್ತಿ, ಅಫೀಮು. ಎದುರಿಗೆ ಸವಾರನಿಲ್ಲದ ಕರಿ ಕುದುರೆ. ಇದನ್ನು ಇಟ್ಟಿದ್ದು 2017ರಲ್ಲಿ. ಹಳೆಯ ಕುದುರೆಯ ಮೇಲೆ ಮುಂದೆ ಏಳನೇ ಎಡ್ವರ್ಡ್ ಆದ ರಾಜಕುಮಾರ ಕೂತಿದ್ದ. ಅದನ್ನು ಊರಿಗೆ ಕೊಟ್ಟಿದ್ದು ಡೇವಿಡ್ ಸಸೂನ್‌ನ ಮಗ ಆಲ್ಬರ್ಟ್. 1965ರಲ್ಲಿ ಅದನ್ನು ಎತ್ತಿ ಸಾಗಿಸಿದರು. ಕುದುರೆ ಹೋದರೂ ಹೆಸರು ಹೋಗಲಿಲ್ಲ. ಐವತ್ತು ವರ್ಷ ಜನ ಇಲ್ಲದ ಕುದುರೆಯ ಹೆಸರನ್ನೇ ಟ್ಯಾಕ್ಸಿಯವರಿಗೆ ಹೇಳುತ್ತಿದ್ದರು.

"ಆ ಹಳೇ ಕುದುರಿ ಎಲ್ಲಿ ಐತಿ?" ಅಂತ ಕೇಳಿದರು ಮಾಮಾ.

"ಈಗ ಬಾಗಿಲು ಮುಚ್ಚಿತ್ತಲ್ಲ, ಆ ರಾಣಿಬಾಗಿನಲ್ಲಿ."

ನಾಲ್ಕು ಹೆಜ್ಜೆ ನಡೆದರೆ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ. 1998ರವರೆಗೆ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ. ಹಳಬರ ಬಾಯಲ್ಲಿ ಇವತ್ತಿಗೂ ಅದೇ. ತೋಟದ ನಡುವೆ ಕಪ್ಪು, ಹಳದಿ ಕಲ್ಲಿನ ಕಟ್ಟಡ, ಮೇಲೆ ದೊಡ್ಡ ಬಿಳಿ ಗುಮ್ಮಟ. ಮಾಮಾ ಗೇಟಿನಲ್ಲೇ ನಿಂತುಬಿಟ್ಟರು. "ಇದು ಗೋಳಗುಮ್ಮಟ ಆದಂಗ ಆತಲ್ಲೋ!"

ಹೌದು. ವಾಸ್ತುಶಿಲ್ಪಿ ಜಾರ್ಜ್ ವಿಟೆಟ್ ಈ ಗುಮ್ಮಟಕ್ಕೆ ಮಾದರಿ ತೆಗೆದುಕೊಂಡಿದ್ದೇ ವಿಜಯಪುರದಿಂದ. ಗೇಟ್‌ವೇ ಆಫ್ ಇಂಡಿಯಾ ಕಟ್ಟಿದವನೂ ಅವನೇ. ಹೇಳಿದ ಮೇಲೆ ಮಾಮಾರ ನಡಿಗೆ ಬದಲಾಯಿತು. ಮೊಣಕಾಲು ನೋವು ಮರೆತವರಂತೆ ನನಗಿಂತ ಮುಂದೆ ಹೊರಟರು. ನಾನು ಟಿಕೆಟ್ ಸಾಲಿನಲ್ಲಿ ನಿಂತೆ.

ಒಳಗೆ ಗುಮ್ಮಟದ ಕೆಳಗಿನ ಬೆಂಚಿನಲ್ಲಿ ಅವರನ್ನು ಕೂರಿಸಿ ಕಟ್ಟಡದ ಕತೆ ಹೇಳಿದೆ. 1905ರ ನವೆಂಬರಿನಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಬಂದು ಅಡಿಗಲ್ಲು ಹಾಕಿದ. ಮುಂದೆ ಐದನೇ ಜಾರ್ಜ್ ಆದವನು, ಆ ಕುದುರೆ ಸವಾರನ ಮಗ. ಕಟ್ಟಡ ಮುಗಿದಿದ್ದು 1914ರಲ್ಲಿ. ಅಷ್ಟರಲ್ಲಿ ಯುದ್ಧ ಬಂತು, ಮ್ಯೂಸಿಯಂ ಸೈನಿಕರ ಆಸ್ಪತ್ರೆಯಾಯಿತು. ಬಾಗಿಲು ತೆರೆದಿದ್ದು 1922ರಲ್ಲಿ.

"ಅದು ಬಿಡು. ರೊಕ್ಕಾ ಯಾರು ಹಾಕಿದ್ರು?"

ಓದಿಕೊಂಡು ಬಂದಿದ್ದೆ. ರಾಜಕುಮಾರನ ಭೇಟಿಯ ಸ್ಮಾರಕ ನಿಧಿಯಿಂದ 3 ಲಕ್ಷ. ಸರ್ಕಾರದಿಂದ 3 ಲಕ್ಷ. ಮುನ್ಸಿಪಾಲಿಟಿಯಿಂದ ಎರಡೂವರೆ. ಹತ್ತಿ ಗಿರಣಿಗಳ ಒಡೆಯ ಕರೀಂಭಾಯ್ ಇಬ್ರಾಹಿಂ 3 ಲಕ್ಷ. ಕೋವಾಸ್‌ಜಿ ಜಹಾಂಗೀರ್ 50 ಸಾವಿರ.

ಮಾಮಾ ಡೈರಿ ತೆಗೆದರು. ಒಂದರ ಕೆಳಗೊಂದು ಬರೆದು ಗೆರೆ ಎಳೆದರು. "ಹನ್ನೆರಡು ಲಕ್ಷ." ಪೆನ್ನಿನ ತುದಿಯಿಂದ ಎರಡು ಸಲ ಕುಟ್ಟಿದರು. "ರಾಜಕುಮಾರನ ಕಿಸೆದಿಂದ ಎಷ್ಟು?"

"ಅವನು ಕಲ್ಲು ಇಟ್ಟ, ಅಷ್ಟೇ."

"ಕಲ್ಲು ಇಟ್ಟವನ ಹೆಸರು ಬಂತು. ಮೂರು ಲಕ್ಷ ಇಟ್ಟವನಿಗೆ ಏನು ಬಂತು?"

ಬ್ಯಾರನೆಟ್ ಪದವಿ ಬಂತು. ಕೋವಾಸ್‌ಜಿ ಜಹಾಂಗೀರ್‌ಗೆ 1908ರಲ್ಲಿ, ಕರೀಂಭಾಯ್‌ಗೆ 1910ರಲ್ಲಿ. ಹೆಸರಿನ ಹಿಂದೆ ಸರ್, ಅದೂ ತಂದೆಯಿಂದ ಮಗನಿಗೆ ಇಳಿಯುವ ಸರ್. ಭಾರತೀಯರಲ್ಲಿ ಅದನ್ನು ಮೊದಲು ಪಡೆದವನೂ ನಮ್ಮ ಬಾಟಲಿವಾಲಾನೇ, 1857ರಲ್ಲಿ. ಹೌದು, ಸಿಪಾಯಿ ದಂಗೆಯ ಅದೇ ವರ್ಷ. ಇದಕ್ಕಾಗಿಯೇ ಇವರೆಲ್ಲ ದಾನ ಮಾಡಿದರು ಅಂತ ಹೇಳಿದರೆ ಅನ್ಯಾಯವಾಗುತ್ತದೆ. ಇದು ಅವರ ತಲೆಯಲ್ಲೇ ಇರಲಿಲ್ಲ ಅಂದರೆ ಮಾಮಾ ನಂಬುವುದಿಲ್ಲ.

ಮೇಲಿನ ಮಹಡಿಗೆ ನಾನೊಬ್ಬನೇ ಹೋದೆ. ಅಲ್ಲಿ ಟಾಟಾ ಸಹೋದರರ ಸಂಗ್ರಹ ಇದೆ. ಸರ್ ರತನ್ ಟಾಟಾ, ಅಂದರೆ 2024ರಲ್ಲಿ ತೀರಿಕೊಂಡ ರತನ್ ಅಲ್ಲ, ಜಮ್ಶೇಟ್‌ಜಿ ಟಾಟಾರ ಕಿರಿಮಗ. 1918ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು. ಅವರು ಕೂಡಿಟ್ಟಿದ್ದು ಮ್ಯೂಸಿಯಂಗೆ ಬಂತು. ಅಣ್ಣ ದೊರಾಬ್ಜಿಯವರದು 1933ರಲ್ಲಿ. ಯುರೋಪಿನ ತೈಲಚಿತ್ರಗಳು, ಜಪಾನಿನ ಕುಸುರಿ ಕೆಲಸ, ಚೀನಾದ ಪಿಂಗಾಣಿ. ಒಂದು ಕಪಾಟಿನ ಮುಂದೆ ತುಂಬಾ ಹೊತ್ತು ನಿಂತೆ. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡ ನಶ್ಯದ ಬಾಟಲಿಗಳು. ಇನ್ನೊಂದರಲ್ಲಿ ಜೇಡ್ ಕಲ್ಲಿನ ಬಟ್ಟಲು. ಬೆಳಕು ಅದರ ಒಳಗಿನಿಂದಲೇ ಬಂದಹಾಗೆ ಕಾಣುತ್ತಿತ್ತು.

ಮಾಮಾರ ಮಾತು ತಲೆಯಲ್ಲಿ ಇತ್ತಲ್ಲ. ಈ ಊರಿನಿಂದ ಚೀನಾಕ್ಕೆ ಅಫೀಮಿನ ಪೆಟ್ಟಿಗೆ ಹೋಯಿತು, ಚೀನಾದಿಂದ ಈ ಊರಿಗೆ ಪಿಂಗಾಣಿ ಬಂತು ಅಂತ ಒಂದು ಕ್ಷಣ ಅನಿಸಿತು. ಆದರೆ ಎರಡಕ್ಕೂ ಹಾಗೆ ಗಂಟು ಹಾಕುವುದು ಸರಿಯಲ್ಲ. ಸರ್ ರತನ್ ಅವರಿಗೆ ನಿಜವಾದ ಕುತೂಹಲ ಇತ್ತು. ಪಾಟ್ನಾದ ಹತ್ತಿರ ಹಳೆಯ ಪಾಟಲೀಪುತ್ರದ ಉತ್ಖನನಕ್ಕೆ ಹಣ ಕೊಟ್ಟವರು ಅವರೇ. ದಕ್ಷಿಣ ಆಫ್ರಿಕಾದಲ್ಲಿ ಗಾಂಧೀಜಿಯವರ ಹೋರಾಟಕ್ಕೂ ಕೊಟ್ಟರು. ಲಂಡನ್ನಿನ ಹತ್ತಿರ ಟ್ವಿಕನ್‌ಹ್ಯಾಮಿನಲ್ಲಿ ಬಂಗಲೆ ಇತ್ತು. ಈ ಬಟ್ಟಲು ಯಾವುದೋ ಮನೆಯ ಷೋಕೇಸಿನಲ್ಲಿ ಉಳಿದಿದ್ದರೆ ನನ್ನಂಥವನು ಅದನ್ನು ಯಾವ ಜನ್ಮದಲ್ಲಿ ನೋಡುತ್ತಿದ್ದೆ? ಇಲ್ಲಿ ನನ್ನ ಪಕ್ಕದಲ್ಲೇ ಶಾಲೆಯ ಹುಡುಗಿಯೊಬ್ಬಳು ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದಳು. ಮಾಮಾರ ಲೆಕ್ಕದಲ್ಲಿ ಇದಕ್ಕೆ ಕಾಲಮ್ಮೇ ಇಲ್ಲ.

ಕೆಳಗೆ ಬಂದರೆ ಬೆಂಚಿನಲ್ಲಿ ಮಾಮಾ ಇಲ್ಲ. ಗಾಬರಿಯಾಯಿತು. ನೋಡಿದರೆ ಶಿಲ್ಪಗಳ ಗ್ಯಾಲರಿಯಲ್ಲಿ ಒಂದು ಕಲ್ಲಿನ ಮುಂದೆ ಕೈಕಟ್ಟಿ ನಿಂತಿದ್ದಾರೆ.

"ಐಹೊಳಿ" ಅಂದರು. ಇನ್ನೇನೂ ಹೇಳಲಿಲ್ಲ.

ಏಳನೇ ಶತಮಾನದ ಬ್ರಹ್ಮ. ಕಮಲದ ಮೇಲೆ ಕೂತಿದ್ದಾನೆ, ಸುತ್ತ ಋಷಿಗಳು. ಐಹೊಳೆಯ ಗುಡಿಯೊಂದರ ಛಾವಣಿಯಲ್ಲಿ ಇದ್ದ ಕಲ್ಲು ಅದು. ಕತ್ತು ಎತ್ತಿ ನೋಡಬೇಕಾದ ದೇವರು ಇಲ್ಲಿ ನಮ್ಮ ಎದುರಿಗೇ ಇದ್ದಾನೆ. ಬ್ರಿಟಿಷರ ಕಾಲದಲ್ಲಿ ನಮ್ಮ ಜಿಲ್ಲೆಗಳೆಲ್ಲ ಮುಂಬೈ ಪ್ರಾಂತ್ಯದ ಕೆಳಗಿದ್ದವು. ಹಾಗಾಗಿ ಅಲ್ಲಿನ ಕಲ್ಲು ಇಲ್ಲಿಗೆ ಬಂತು. ಮಾಮಾ ಹುಡುಗನಿದ್ದಾಗ ಐಹೊಳೆ ಜಾತ್ರೆಗೆ ಚಕ್ಕಡಿಯಲ್ಲಿ ಹೋಗುತ್ತಿದ್ದರಂತೆ. ಆಗ ಗುಡಿಗಳೊಳಗೆ ಜನ ಸಂಸಾರ ಮಾಡಿಕೊಂಡಿದ್ದರು, ದನ ಕಟ್ಟುತ್ತಿದ್ದರು ಅಂದರು. ಅದು ನಿಜವೇ, ಅಲ್ಲಿನ ಗುಡಿಗಳ ಹೆಸರು ನೋಡಿದರೆ ತಿಳಿಯುತ್ತದೆ. ಲಾಡಖಾನ್ ಗುಡಿ ಅನ್ನುವುದು ಅಲ್ಲಿ ವಾಸವಿದ್ದವನ ಹೆಸರು.

"ಇದನ್ನ ಕಡಿಸಿದವರ ಹೆಸರು ಬರದಿಲ್ಲಲ್ಲ" ಅಂತ ಮಾಮಾ ಫಲಕಕ್ಕೆ ಬಗ್ಗಿ ನೋಡಿದರು.

ಆಗ ಅವರಿಗೆ ಅಯ್ಯಾವೊಳೆ ಐನೂರ್ವರ ವಿಷಯ ಹೇಳಿದೆ. ಐಹೊಳೆ ಬರೀ ಗುಡಿಗಳ ಊರಲ್ಲ, ವ್ಯಾಪಾರಿಗಳ ಊರು. ಅಲ್ಲಿಂದ ಹೆಸರು ಪಡೆದ ವರ್ತಕರ ಸಂಘ ದಕ್ಷಿಣದ ತುಂಬಾ ಹಬ್ಬಿತ್ತು. ಸುಮಾತ್ರಾ ದ್ವೀಪದಲ್ಲೂ ಅವರ ಶಾಸನವಿದೆ, 1088ನೇ ಇಸವಿಯದು. ಮೆಣಸು, ಕುದುರೆ, ರತ್ನ, ಬಟ್ಟೆ ಎಲ್ಲ ಮಾರುತ್ತಿದ್ದರು. ಸಂತೆಗೆ ಬಂದ ಸರಕಿನ ಮೇಲೆ, ಹೇರಿಗೆ ಇಷ್ಟು ಅಂತ ಕೂಡಿಸಿ ಗುಡಿಗೆ ದತ್ತಿ ಬಿಡುತ್ತಿದ್ದರು. ಶಾಸನದಲ್ಲಿ ಬರುವುದು ಐನೂರ್ವರು ಸ್ವಾಮಿಗಳು ಅನ್ನುವ ಒಟ್ಟು ಹೆಸರು.

ಮಾಮಾರ ಕಣ್ಣು ಅರಳಿತು. "ಹೇರಿಗೆ ಇಷ್ಟು ಅಂದ್ರ ಅದು ಧರ್ಮಾದಾನೇ ಆತಲ್ಲೋ!"

ಪಕ್ಕದ ಜಹಾಂಗೀರ್ ಆರ್ಟ್ ಗ್ಯಾಲರಿಗೆ ಸುಮ್ನೆ ಒಂದು ಸುತ್ತು ಹಾಕಿದೆವು. ಮ್ಯೂಸಿಯಂಗೆ 50 ಸಾವಿರ ಕೊಟ್ಟ ಕೋವಾಸ್‌ಜಿಯ ಮಗ, ಅವನ ಹೆಸರೂ ಕೋವಾಸ್‌ಜಿ ಜಹಾಂಗೀರ್, ತೀರಿಹೋದ ತನ್ನ ಮಗನ ನೆನಪಿಗೆ 1952ರಲ್ಲಿ ಕಟ್ಟಿಸಿದ್ದು. ಕಟ್ಟಿಸಿ ಅಂತ ಬೆನ್ನು ಹತ್ತಿದವರಲ್ಲಿ ನಮ್ಮ ಉಡುಪಿ ಕಡೆಯ ಚಿತ್ರಕಾರ ಕೆ. ಕೆ. ಹೆಬ್ಬಾರರೂ ಒಬ್ಬರು. ಇಲ್ಲಿ ರಾಜನೂ ಇಲ್ಲ, ಕಲ್ಲಿಡಲು ರಾಜಕುಮಾರನೂ ಇಲ್ಲ. ಒಬ್ಬ ಅಪ್ಪ, ಒಬ್ಬ ಮಗ. ಮಾಮಾ ಏನೂ ಅನ್ನಲಿಲ್ಲ.

ಮರುದಿನ ಗುರುವಾರ ಮತ್ತೆ ಬೈಕುಳಾ. ಭಾವು ದಾಜಿ ಲಾಡ್ ಮ್ಯೂಸಿಯಂ ಒಳಗೆ ಕಾಲಿಟ್ಟರೆ ಹಸಿರು ಬಣ್ಣ, ಬಂಗಾರದ ಬಣ್ಣ, ಎತ್ತರದ ಕಬ್ಬಿಣದ ಕಂಬಗಳು. ಹಳೆಯ ಮುಂಬೈನ ಕಸುಬುಗಳ ಮಣ್ಣಿನ ಗೊಂಬೆಗಳು ಸಾಲಾಗಿ ಇವೆ. 1872ರಲ್ಲಿ ಜನರಿಗೆ ತೆರೆದಾಗ ಇದರ ಹೆಸರು ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂ. ಅಂದರೆ ಇಲ್ಲೂ ಅದೇ ಕತೆ. ಓಡಾಡಿ ಹಣ ಕೂಡಿಸಿದವರು ಡಾಕ್ಟರ್ ಭಾವು ದಾಜಿ, ವ್ಯಾಪಾರಿ ಜಗನ್ನಾಥ ಶಂಕರಶೇಠ್. ಡೇವಿಡ್ ಸಸೂನ್ ಹೊರಗಿನ ಗಡಿಯಾರದ ಗೋಪುರಕ್ಕೆ ಕೊಟ್ಟ. ಹೆಸರು ರಾಣಿ ಮತ್ತು ಅವಳ ಗಂಡನದು. ಡಾಕ್ಟರ ಹೆಸರು ಬರಲು 1975 ಆಗಬೇಕಾಯಿತು.

ಮಾಮಾರಿಗೆ ಇಷ್ಟವಾದದ್ದು ಇದು ಅರ್ಧಕ್ಕೆ ನಿಂತ ಕತೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತಿತು. ಮುಂಬೈಯ ಹತ್ತಿಗೆ ಬಂಗಾರದ ಬೆಲೆ. ನಮ್ಮ ಧಾರವಾಡ ಸೀಮೆಯ ಹತ್ತಿಯೂ ಕುಮಟಾ ಬಂದರಿನಿಂದ ಹಡಗು ಹತ್ತುತ್ತಿದ್ದ ಕಾಲ. ಬಂದ ಹಣವೆಲ್ಲ ಶೇರಿಗೆ ಹೋಯಿತು. 1865ರಲ್ಲಿ ಯುದ್ಧ ಮುಗಿಯಿತು, ಶೇರು ಪೇಟೆ ಕುಸಿಯಿತು. ಕೊಡುತ್ತೇವೆ ಅಂದಿದ್ದವರ ಕೈ ಖಾಲಿ. ಕೊನೆಗೆ ಸರ್ಕಾರದ ದುಡ್ಡಿನಲ್ಲಿ ಕಟ್ಟಡ ಮುಗಿಯಿತು.

"1992ರಾಗ ಶೇರು ಪೇಟಿ ಬಿದ್ದಾಗ ನಾನೂ ನೋಡೇನಿ. ಬೆಳಗಾಗೋದ್ರಾಗ ಸೇಠಗೋಳು ಫೋನ್ ಎತ್ತೋದು ಬಿಟ್ಟಿದ್ರು" ಅಂದರು ಮಾಮಾ.

ಹೊರಗೆ ಬಂದು ಹಳೆಯ ಕುದುರೆಯನ್ನು ನೋಡಿದೆವು. ರಾಜಕುಮಾರ ಇನ್ನೂ ಕೂತೇ ಇದ್ದಾನೆ. ಮಾಮಾ ಪಕ್ಕದಲ್ಲಿ ಕಸ ಗುಡಿಸುತ್ತಿದ್ದ ಹೆಂಗಸನ್ನು ಮರಾಠಿಯಲ್ಲಿ ಕೇಳಿದರು, "ಇವನು ಯಾರಮ್ಮ?"

"ರಾಜಾ" ಅಂದಳು.

"ಇದನ್ನ ಮಾಡಿಸಿದವರು?"

ಅವಳು ನಮ್ಮಿಬ್ಬರನ್ನೂ ನೋಡಿ, ನಕ್ಕು, ಪೊರಕೆ ಮುಂದಕ್ಕೆ ಎಳೆದಳು.

ಹಿಂದಿರುಗುವಾಗ ಟ್ಯಾಕ್ಸಿಯಲ್ಲಿ ಮಾಮಾ ಡೈರಿ ತೆಗೆದರು. ಎರಡು ದಿನದ ಖರ್ಚು ಬರೆಯುತ್ತಿದ್ದರು. ಬಗ್ಗಿ ನೋಡಿದೆ. ಟ್ಯಾಕ್ಸಿ, ಚಹಾ, ಊಟ ಎಲ್ಲ ಖರ್ಚಿನ ಕಡೆ ಇತ್ತು. ಎರಡೂ ಮ್ಯೂಸಿಯಂಗಳ ಟಿಕೆಟ್ ಮಾತ್ರ ಪಕ್ಕದ ಪುಟದಲ್ಲಿ, ಧರ್ಮಾದಾ ಅನ್ನುವ ತಲೆಬರಹದ ಕೆಳಗೆ.

"ಮಾಮಾ, ಟಿಕೆಟ್ ರೊಕ್ಕ ಕೊಟ್ಟಿದ್ದು ನಾನು ಅಲ್ವಾ?"

"ಹೌದಪಾ" ಅಂದರು ಮಾಮಾ, ಡೈರಿ ಮುಚ್ಚುತ್ತಾ. "ಖಾತೆ ನಂದು."