ಕಾಕಟೀಲ್‌ಗೆ ಮಾತು ಕಲಿಸುವ ಕುರಿತು

ಕಾಕಟೀಲ್ ಎಂಬ ಜುಟ್ಟಿನ ಪುಟ್ಟ ಸಾಕುಗಿಳಿ ಯಾವಾಗ ಮಾತನಾಡಲು ಶುರು ಮಾಡುತ್ತದೆ ಎಂದು ಕೇಳುವವರನ್ನು ನಾನು ಮೊದಲು ಅದು ಗಂಡೋ ಹೆಣ್ಣೋ ಎಂದು ವಿಚಾರಿಸುತ್ತೇನೆ. ಸಿಳ್ಳೆ ಹಾಕುವುದು, ಕೇಳಿದ್ದನ್ನು ಅನುಕರಿಸುವುದು ಬಹುಮಟ್ಟಿಗೆ ಗಂಡಿನ ಸ್ವಭಾವ. ಹೆಣ್ಣು ಕೂಗಿ ಕರೆಯುತ್ತದೆ, ಸಿಟ್ಟು ಬಂದರೆ ಬುಸುಗುಡುತ್ತದೆ, ಆದರೆ ಪದಗಳನ್ನು ಕಲಿಯುವುದು ಅಪರೂಪ. ಸಾಮಾನ್ಯ ಬೂದುಬಣ್ಣದ ಹಕ್ಕಿಗಳಲ್ಲಿ ಮೊದಲ ಸಲ ಗರಿ ಉದುರಿ ಹೊಸದು ಬಂದ ಮೇಲೆ ಗಂಡಿನ ಮುಖ ಗಾಢ ಹಳದಿಯಾಗುತ್ತದೆ ಮತ್ತು ಬಾಲದ ಅಡಿಯಲ್ಲಿದ್ದ ಹಳದಿ ಪಟ್ಟೆಗಳು ಮಾಯವಾಗುತ್ತವೆ. ಹೆಣ್ಣಿನಲ್ಲಿ ಆ ಪಟ್ಟೆಗಳು ಉಳಿಯುತ್ತವೆ. ಹಾಗಾಗಿ ತೀರಾ ಎಳೆಯ ಮರಿಯನ್ನು ತೋರಿಸಿ ಇದು ಗಂಡೇ ಎಂದು ಅಂಗಡಿಯವರು ಆಣೆಯಿಟ್ಟು ಹೇಳಿದರೂ ನಂಬಬೇಕಾಗಿಲ್ಲ. ಡಿಎನ್‌ಎ ಪರೀಕ್ಷೆಯಿಲ್ಲದೆ ಅದನ್ನು ಖಚಿತವಾಗಿ ಹೇಳುವುದು ಕಷ್ಟ.

ನಮ್ಮ ಮನೆಯ ಕಿಟ್ಟಿ ಗಂಡು. ಕಾಕಟೂ ಎಂಬ ಜುಟ್ಟಿನ ಗಿಳಿಗಳ ಕುಟುಂಬದ ಅತಿ ಚಿಕ್ಕ ಸದಸ್ಯನಾದ ಈ ಹಕ್ಕಿಯ ಮೂಲ ನೆಲೆ ಆಸ್ಟ್ರೇಲಿಯಾದ ಒಣ ಒಳನಾಡು; ಅಲ್ಲಿ ನೀರು ಮತ್ತು ಕಾಳುಗಳನ್ನು ಅರಸುತ್ತ ಗುಂಪಾಗಿ ಅಲೆಯುವಾಗ, ಕಣ್ಣಿಗೆ ಕಾಣದಷ್ಟು ದೂರ ಹೋದ ಸಂಗಾತಿಯನ್ನು ಕೂಗಿ ಕರೆದು, ಮರುಕೂಗು ಕೇಳಿದ ಮೇಲೆ ನಿರಾಳವಾಗುವುದು ಅದರ ಬದುಕಿನ ಕ್ರಮ. ಮಾತು ಕಲಿಸುವುದೆಂದರೆ ಈ ಕೂಗು–ಮರುಕೂಗಿನ ಒಳಗೆ ನಾವೂ ಸೇರಿಕೊಳ್ಳುವುದು ಎಂದೇ ನನ್ನ ತಿಳಿವಳಿಕೆ. ನಾನು ಕೋಣೆಯಿಂದ ಹೊರಗೆ ಹೋದಾಗ ಕಿಟ್ಟಿ ಕೂಗಿದರೆ, ಅಲ್ಲಿಂದಲೇ ಪ್ರತಿ ಸಲವೂ ಒಂದೇ ಮಾತಿನಿಂದ ಉತ್ತರಿಸುತ್ತೇನೆ. ಆ ಉತ್ತರವೇ ನಿಧಾನವಾಗಿ ಅದರ ಕರೆಯಾಗುತ್ತದೆ.

ಇದೇ ಕಾರಣಕ್ಕೆ ಮೊಬೈಲ್‌ನಲ್ಲಿ ಒಂದೇ ವಾಕ್ಯವನ್ನು ಧ್ವನಿಮುದ್ರಿಸಿ ದಿನವಿಡೀ ಪಂಜರದ ಮುಂದೆ ಹಾಕಿಡುವ ವಿಧಾನದ ಮೇಲೆ ನನಗೆ ವಿಶ್ವಾಸವಿಲ್ಲ. ಅಲೆಕ್ಸ್ ಎಂಬ ಆಫ್ರಿಕನ್ ಗ್ರೇ ಗಿಳಿಗೆ ಬಣ್ಣ, ಆಕಾರ, ಸಂಖ್ಯೆಗಳನ್ನು ಹೆಸರಿಸಲು ಕಲಿಸಿದ ಅಮೆರಿಕದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್, ಇಬ್ಬರು ಮನುಷ್ಯರು ಹಕ್ಕಿಯ ಎದುರಿನಲ್ಲೇ ಒಂದು ವಸ್ತುವನ್ನು ಹಿಡಿದು ಪ್ರಶ್ನೋತ್ತರ ನಡೆಸುವ, ಸರಿಯಾಗಿ ಹೇಳಿದವರಿಗೆ ಆ ವಸ್ತುವನ್ನೇ ಕೊಡುವ ಪದ್ಧತಿಯನ್ನು ಬಳಸಿದರು. ಬರೀ ಧ್ವನಿಸುರುಳಿ ಕೇಳಿದ ಗಿಳಿಗಳು ಹಾಗೆ ಕಲಿಯಲಿಲ್ಲ. ಕಾಕಟೀಲ್‌ನಿಂದ ಅಲೆಕ್ಸ್‌ನ ಸಾಮರ್ಥ್ಯವನ್ನು ನಿರೀಕ್ಷಿಸುವುದು ಅನ್ಯಾಯವಾದರೂ ಪದ್ಧತಿಯನ್ನು ಎರವಲು ಪಡೆಯಲು ಅಡ್ಡಿಯಿಲ್ಲ. ಅಮ್ಮನೂ ನಾನೂ ಕಿಟ್ಟಿಯ ಮುಂದೆ ಕುಳಿತು, ಒಬ್ಬರು ‘ಊಟ ಆಯ್ತಾ’ ಎಂದು ಕೇಳಿ, ಇನ್ನೊಬ್ಬರು ಅದೇ ಮಾತನ್ನು ಮರಳಿ ಹೇಳಿ, ಹೇಳಿದವರು ನವಣೆ ತೆನೆಯನ್ನು ಗೆದ್ದುಕೊಳ್ಳುವ ನಾಟಕವನ್ನು ನಡೆಸುತ್ತೇವೆ. (ವಿದೇಶಿ ಪೊಟ್ಟಣಗಳಲ್ಲಿ ದುಬಾರಿ ಬೆಲೆಗೆ ಬರುವ ತೆನೆಯೂ ಇದೇ ನವಣೆ.) ಆ ಹೊತ್ತಿನಲ್ಲಿ ಕಿಟ್ಟಿ ಜುಟ್ಟನ್ನು ಅರ್ಧ ಎತ್ತಿ, ತಲೆ ವಾಲಿಸಿ ನೋಡುತ್ತಿದ್ದರೆ ಪಾಠ ಮುಂದುವರಿಯುತ್ತದೆ, ಜುಟ್ಟು ತಲೆಗೆ ಒತ್ತಿಕೊಂಡರೆ ಅದಕ್ಕೆ ಹೆದರಿಕೆಯೋ ಸಿಟ್ಟೋ ಬಂದಿದೆಯೆಂದು ತಿಳಿದು ಅಲ್ಲಿಗೇ ನಿಲ್ಲಿಸುತ್ತೇವೆ.

ಹಕ್ಕಿಗಳಿಗೆ ನಮ್ಮಂತೆ ಧ್ವನಿತಂತುಗಳಿಲ್ಲ. ಶ್ವಾಸನಾಳವು ಎರಡಾಗಿ ಕವಲೊಡೆಯುವಲ್ಲಿರುವ ಸಿರಿಂಕ್ಸ್ ಎಂಬ ಅಂಗದಿಂದ ಅವು ಸ್ವರ ಹೊರಡಿಸುತ್ತವೆ. ಕಾಕಟೀಲ್‌ನ ಮಾತು ಸಣ್ಣ ದನಿಯ, ಸಿಳ್ಳೆ ಬೆರೆತ ಮಾತಾಗಿರುವುದರಿಂದ ಹೊರಗಿನವರಿಗೆ ಅದು ಕೂಡಲೇ ಅರ್ಥವಾಗುವುದಿಲ್ಲ. ಗಂಭೀರವಾದ ಕಂಠಕ್ಕಿಂತ ಏರಿಳಿತವಿರುವ, ತುಸು ಮೇಲುದನಿಯ ಮಾತನ್ನು ಅದು ಬೇಗ ಹಿಡಿಯುತ್ತದೆ. ನಮ್ಮಲ್ಲಿ ಅಮ್ಮನ ಶಿಷ್ಯತ್ವವೇ ಫಲ ಕೊಟ್ಟಿದೆ. ಸಿಳ್ಳೆಯನ್ನು ಮೊದಲು ಕಲಿಸಿದರೆ ಹಕ್ಕಿ ಮಾತಿನ ತಂಟೆಗೇ ಬರುವುದಿಲ್ಲವೆಂದು ಅನೇಕ ಸಾಕಣೆದಾರರು ಹೇಳುತ್ತಾರೆ, ಆದರೆ ಕುಕ್ಕರ್ ಕೂಗುವ ಮನೆಯಲ್ಲಿ ಆ ನಿಯಮವನ್ನು ಪಾಲಿಸುವುದು ಹೇಗೋ ನನಗೆ ತಿಳಿಯದು.

ಮರಿಯನ್ನು ತರುವ ಯೋಚನೆಯಿರುವವರಿಗೆ ಒಂದು ಮಾತು. ನಮ್ಮ ನಾಡಿನ ಗಿಳಿಗಳನ್ನು ಪಂಜರದಲ್ಲಿ ಸಾಕುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸುತ್ತದೆ. ಕಾಕಟೀಲ್ ವಿದೇಶಿ ತಳಿಯಾದ್ದರಿಂದ ಆ ನಿಷೇಧಕ್ಕೆ ಒಳಪಡುವುದಿಲ್ಲ. ಆದರೆ ಅಡುಗೆಮನೆಯ ಪಕ್ಕದಲ್ಲಿ ಪಂಜರ ಇಡಬೇಡಿ: ನಾನ್‌ಸ್ಟಿಕ್ ಕಾವಲಿ ಅತಿಯಾಗಿ ಕಾದಾಗ ಹೊಮ್ಮುವ ಹೊಗೆ ಹಕ್ಕಿಗಳನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು. ಬೆಣ್ಣೆಹಣ್ಣೂ ಚಾಕೊಲೇಟೂ ಅವುಗಳಿಗೆ ವಿಷ.

ಗರಿ ಉದುರುವ ಕಾಲದಲ್ಲಿ ಕಿಟ್ಟಿ ಮೌನವಾಗಿ, ಮೈ ಮುದುರಿಕೊಂಡು ಕೂರುತ್ತದೆ. ಆಗ ಪಾಠವನ್ನು ಬದಿಗಿಟ್ಟು ಸ್ನಾನಕ್ಕೆ ಬಟ್ಟಲಿನಲ್ಲಿ ನೀರಿಡುತ್ತೇವೆ. ಹೊಸ ಗರಿ ಬಂದ ಮೇಲೆ ಹಳೆಯ ಮಾತು ತಾನಾಗಿ ಮರಳುತ್ತದೆ, ಕೆಲವೊಮ್ಮೆ ‘ಊಟ’ದ ನಡುವೆ ಕುಕ್ಕರ್‌ನ ಕೂಗೊಂದನ್ನು ಸೇರಿಸಿಕೊಂಡು.