ಶನಿವಾರ ಆಗುಂಬೆಗೆ

ಶನಿವಾರ ನಸುಕಿನಲ್ಲೇ ಹುಬ್ಬಳ್ಳಿ ಬಿಟ್ಟು ಆಗುಂಬೆಗೆ ಹೋಗುವುದು ಪಕ್ಕಾ ಆಯಿತು. ಹಾವೇರಿ, ಹರಿಹರ, ಶಿವಮೊಗ್ಗ, ತೀರ್ಥಹಳ್ಳಿ ಮೇಲೆ ದಾರಿ. ಮಗಳಿಗೆ ಕಾಳಿಂಗ ಸರ್ಪದ್ದೇ ಧ್ಯಾನ. 2005ರಲ್ಲಿ ಹಾವುಗಳ ತಜ್ಞ ರೊಮುಲಸ್ ವಿಟೇಕರ್ ಅಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಶುರು ಮಾಡಿದ್ದನ್ನು ಎಲ್ಲೋ ಓದಿದ್ದಾಳೆ. ನನಗೆ ಕುಂದಾದ್ರಿ ಬೆಟ್ಟದ ಬಸದಿ ಹತ್ತಿರ ಸುಮ್ನೆ ಕೂತರೆ ಸಾಕು.

"ಮಳಿ ನೋಡಾಕ ಅಷ್ಟು ದೂರ ಯಾಕ?" ಎಂದಳು ಅವ್ವ. ತಟ್ಟನೆ ಉತ್ತರ ಹೊಳೆಯಲಿಲ್ಲ. ಅಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟುತ್ತದೆ. ನಮ್ಮಲ್ಲಿ 800 ಬಂದರೆ ಅದೇ ಜಾಸ್ತಿ, ಅಲ್ವಾ? ಹೆಸರು ಬಿತ್ತಿ, ಮುಗಿಲು ನೋಡುತ್ತ ಕೂತವಳು ಅವಳು. ಅವಳಿಗೆ ಮಳೆ ಅಂದರೆ ಕಾಯುವುದು. ಒಂದು ದಿನವಾದರೂ ಬೆಳೆಯ ಚಿಂತೆ ಬಿಟ್ಟು, ಕಿಟಕಿ ಪಕ್ಕ ಕೂತು ಅವಳು ಮಳೆ ನೋಡಬೇಕು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಈಗಲೇ ಕಟ್ಟಿಟ್ಟಿದ್ದಾಳೆ.